ಕಾರ್ಪೆಟ್ ಆಟದ ಹನ್ನೆರಡು ತಿಂಗಳು

ಡಬ್ಲ್ಯು.ಜಿ. ಗ್ರೇಸ್ ಎಂದೊಡನೆ ಕ್ರಿಕೆಟ್ ಬಲ್ಲವರಿಗೆಲ್ಲ ಆ ಉದ್ದನೆಯ ಗಡ್ಡ ನೆನಪಾಗುತ್ತದೆ. ಈ ಮಹಾಶಯರಿಗೆ ವಯಸ್ಸಾದ ಮೇಲೆ ಇನ್ನೊಂದು ಆಟದ ಹುಚ್ಚು ಹಿಡಿದಿತ್ತು. ಅದು ಬೌಲ್ಸ್. 1903ರಲ್ಲಿ ಹುಟ್ಟಿದ ಇಂಗ್ಲಿಷ್ ಬೌಲಿಂಗ್ ಅಸೋಸಿಯೇಷನ್ನಿನ ಮೊದಲ ಅಧ್ಯಕ್ಷರು ಅವರೇ. ಇಂಗ್ಲೆಂಡಿನ ಚಳಿಗಾಲದಲ್ಲಿ ಹುಲ್ಲಿನ ಮೇಲೆ ಆಡುವಂತಿಲ್ಲ, ಆಡದೆ ಇರುವುದೂ ಕಷ್ಟ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನೊಳಗೆ ಕಾರ್ಪೆಟ್ ಹಾಸಿಸಿ ಅದರ ಮೇಲೆ ಆಡಿದರು. ಒಳಾಂಗಣ ಬೌಲ್ಸ್ ಆ ನಾಡಿನಲ್ಲಿ ಬೇರುಬಿಟ್ಟ ಬಗೆ ಇದು.

2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ನಾಲ್ವರು ಮಹಿಳೆಯರು ಚಿನ್ನ ಗೆದ್ದ ಲಾನ್ ಬೌಲ್ಸ್ ಇದರ ಹೊರಾಂಗಣದ ರೂಪ. ದೂರದಲ್ಲಿರುವ 'ಜ್ಯಾಕ್' ಎಂಬ ಪುಟ್ಟ ಚೆಂಡಿನ ಹತ್ತಿರಕ್ಕೆ ನಮ್ಮ ಚೆಂಡನ್ನು ಉರುಳಿಸುವುದು, ಆಟವೆಂದರೆ ಇಷ್ಟೆ. ಆದರೆ ಚೆಂಡು ಪೂರ್ತಿ ದುಂಡಗಿಲ್ಲ. ಅದರ ಆಕಾರದಿಂದಾಗಿ ಗುರುತ್ವಕೇಂದ್ರ ಒಂದು ಪಕ್ಕಕ್ಕೆ ಸರಿದಿರುತ್ತದೆ. ವೇಗ ತಗ್ಗಿದಂತೆಲ್ಲ ಅದು ಆ ಪಕ್ಕಕ್ಕೆ ಹೆಚ್ಚು ಹೆಚ್ಚು ಬಾಗುತ್ತದೆ.

ಇಂಗ್ಲೆಂಡಿನಲ್ಲಿ ಈ ಕಾರ್ಪೆಟ್ ಆಟವನ್ನು ನೋಡಿಕೊಳ್ಳುವುದು ಇಂಗ್ಲಿಷ್ ಇಂಡೋರ್ ಬೌಲಿಂಗ್ ಅಸೋಸಿಯೇಷನ್. ಲೆಸ್ಟರ್‌ಷೈರಿನ ಮೆಲ್ಟನ್ ಮೌಬ್ರೆ ಎಂಬ ಸಣ್ಣ ಪೇಟೆಯಲ್ಲಿ ಅದರ ಕಚೇರಿ. (ಆ ಊರು ಹೆಚ್ಚು ಪ್ರಸಿದ್ಧವಾಗಿರುವುದು ಹಂದಿಮಾಂಸದ ಕಡುಬಿಗೆ!) ಹಿಂದೆ ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಎರಡು ಸಂಸ್ಥೆಗಳಿದ್ದವು. ಈಗ ಒಂದೇ.

ಆಟದ ಋತು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಹಾಗಾದರೆ ಬೇಸಿಗೆಯಲ್ಲಿ ಕಚೇರಿಗೆ ರಜೆಯೇ? ನಿಜವಾದ ಕೆಲಸ ಆಗಲೇ. ಕ್ಲಬ್ಬುಗಳ ವಂತಿಗೆ, ವಿಮೆ, ಮಕ್ಕಳ ಸುರಕ್ಷತೆಯ ನಿಯಮಗಳು, ಅಂಪೈರುಗಳ ಪಟ್ಟಿ ಎಲ್ಲ ಆಗಲೇ ಸಿದ್ಧವಾಗಬೇಕು. ಇವುಗಳ ನಂತರ ಬರುತ್ತದೆ 'ಡ್ರಾ', ಅಂದರೆ ಯಾರ ಎದುರು ಯಾರು ಎಂಬ ಪಟ್ಟಿ. ನೂರು ಜನ ಹೆಸರು ಕೊಟ್ಟರೆನ್ನಿ. ನೂರನ್ನು ಅರ್ಧ ಮಾಡುತ್ತ ಹೋದರೆ ಐವತ್ತು, ಇಪ್ಪತ್ತೈದು, ಅಲ್ಲಿಗೆ ನಿಂತಿತು! ಆದ್ದರಿಂದ 128 ಸ್ಥಾನಗಳ ಪಟ್ಟಿ ಮಾಡಿ, 28 ಮಂದಿಗೆ ಮೊದಲ ಸುತ್ತಿನಲ್ಲಿ 'ಬೈ' ಕೊಡಬೇಕು. ಉಳಿದ 72 ಜನ ಆಡಿ 36 ಮಂದಿ ಗೆಲ್ಲುತ್ತಾರೆ. ಇಪ್ಪತ್ತೆಂಟು ಸೇರಿದರೆ 64. ಒಟ್ಟು ಪಂದ್ಯಗಳೆಷ್ಟು? ಲೆಕ್ಕ ಹಾಕುವುದೇ ಬೇಡ. ಗೆಲ್ಲುವವರು ಒಬ್ಬರಾದರೆ ಸೋಲುವವರು 99, ಹಾಗಾಗಿ ಪಂದ್ಯಗಳೂ 99. ಸಿಂಗಲ್ಸ್, ಪೇರ್ಸ್, ಟ್ರಿಪಲ್ಸ್, ಫೋರ್ಸ್, ಕ್ಲಬ್ಬುಗಳ ಡೆನ್ನಿ ಕಪ್, ಕೌಂಟಿಗಳ ಲಿಬರ್ಟಿ ಟ್ರೋಫಿ, ಮಹಿಳೆಯರ ಯೆಟನ್ ಟ್ರೋಫಿ, ಹೀಗೆ ಪ್ರತಿಯೊಂದಕ್ಕೂ ಇದೇ ಕಸರತ್ತು. ಅದೂ ನೌಕರಿ, ಮೊಮ್ಮಕ್ಕಳು, ಮಂಡಿನೋವು ಎಲ್ಲ ಇರುವ ಜನರಿಗೆ ಹೊಂದುವ ದಿನ ಹುಡುಕಿ.

ಚೆಂಡಿನ ಬಾಗು ನಿಯಮದ ಮಿತಿಯಲ್ಲಿದೆಯೇ ಎಂಬುದಕ್ಕೆ ಪರೀಕ್ಷೆಯಿದೆ. ಮಾದರಿ ಚೆಂಡಿನ ಜೊತೆ ಉರುಳಿಸಿ ಹೋಲಿಸಿ ಮುದ್ರೆ ಒತ್ತುತ್ತಾರೆ. ಮುದ್ರೆಯಿಲ್ಲದ ಚೆಂಡಿಗೆ ಪಂದ್ಯದಲ್ಲಿ ಜಾಗವಿಲ್ಲ. ಕಾರ್ಪೆಟ್ಟಿಗೂ ಅಳತೆಯುಂಟು. ಸುಮಾರು 27 ಮೀಟರ್ ದೂರದಲ್ಲಿ ಹೋಗಿ ನಿಲ್ಲಲು ಚೆಂಡು ತೆಗೆದುಕೊಳ್ಳುವ ಸೆಕೆಂಡುಗಳೇ ಆ ಕಾರ್ಪೆಟ್ಟಿನ 'ವೇಗ'. ಹತ್ತು ಸೆಕೆಂಡಿನದು ನಿಧಾನದ ಹಾಸು, ಹದಿನೈದರದು ವೇಗದ ಹಾಸು! ತಲೆಕೆಳಗಾಗಿದೆ ಎನ್ನಿಸುವುದು ಸಹಜ. ಒಂಬತ್ತನೆಯ ತರಗತಿಯ ಚಲನೆಯ ಸಮೀಕರಣಗಳನ್ನು ನೆನಪಿಸಿಕೊಳ್ಳಿ. ವೇಗ ಒಂದೇ ಸಮನಾಗಿ ಇಳಿಯುತ್ತದೆಂದು ಇಟ್ಟುಕೊಂಡರೆ, ಹತ್ತು ಸೆಕೆಂಡಿನ ಹಾಸಿನ ಮೇಲೆ ಚೆಂಡನ್ನು ಸೆಕೆಂಡಿಗೆ 5.4 ಮೀಟರ್ ವೇಗದಲ್ಲಿ ಬಿಡಬೇಕು, ಹದಿನೈದರ ಮೇಲೆ 3.6 ಸಾಕು. ಘರ್ಷಣೆ ಕಡಿಮೆಯಿರುವಲ್ಲಿ ಮೆಲ್ಲಗೆ ಬಿಟ್ಟ ಚೆಂಡೂ ಬಹಳ ಹೊತ್ತು ಉರುಳುತ್ತದೆ. ಹಾಸಿಗೆ ತೇವ ತಗುಲಿದರೆ ಬೇಗ ನಿಂತುಬಿಡುತ್ತದೆ.

ಸಭಾಂಗಣ ಬೆಚ್ಚಗೆ, ಒಣಗಿರಬೇಕಾದದ್ದು ಇದಕ್ಕಾಗಿ. ಇಕ್ಕಟ್ಟು ಇರುವುದೂ ಇಲ್ಲಿಯೇ. 2022ರಲ್ಲಿ ಯುಕ್ರೇನ್ ಯುದ್ಧದಿಂದ ಗ್ಯಾಸ್, ವಿದ್ಯುತ್ತಿನ ಬೆಲೆ ಗಗನಕ್ಕೇರಿದಾಗ ಇಂಥ ದೊಡ್ಡ ಕಟ್ಟಡಗಳನ್ನು ನಡೆಸುವವರ ಎದೆ ನಡುಗಿತು. ಸದಸ್ಯರಲ್ಲಿ ಬಹುಪಾಲು ನಿವೃತ್ತರು, ಪಿಂಚಣಿಯಲ್ಲಿ ಬದುಕುವವರು. ಚಂದಾ ಏರಿಸಿದರೆ ಅವರು ಉಳಿಯುವುದಿಲ್ಲ, ಏರಿಸದಿದ್ದರೆ ಕ್ಲಬ್ಬೇ ಉಳಿಯುವುದಿಲ್ಲ. ಒಂದು ಕ್ಲಬ್ ಮುಚ್ಚಿದರೆ ಪಟ್ಟಿಯಿಂದ ಹೆಸರೊಂದು ಹೋಯಿತೆಂದಷ್ಟೇ ಅಲ್ಲ. ಚಳಿಗಾಲದ ಮಧ್ಯಾಹ್ನಗಳಲ್ಲಿ ಮನೆಯಿಂದ ಹೊರಡಲು ಕೆಲವು ಮುದುಕರಿಗೆ ಇದ್ದ ಒಂದೇ ನೆಪ ಹೋಗುತ್ತದೆ.

ಅದಕ್ಕೂ ಹಿಂದೆ ಕೊರೊನಾ ಬಂದಿತ್ತು. ಋತು ಮುಗಿಯುತ್ತ ಬಂದು, ವರ್ಷವಿಡೀ ಹೆಣೆದ ಪಟ್ಟಿಗಳು ಕೊನೆಯ ಸುತ್ತುಗಳತ್ತ ಸಾಗುವ ಹೊತ್ತಿಗೆ, 2020ರ ಮಾರ್ಚ್ 20ರಂದು ಬ್ರಿಟನ್ ಸರ್ಕಾರ ಕ್ರೀಡಾಂಗಣಗಳ ಬಾಗಿಲು ಹಾಕಿಸಿತು. ವಯಸ್ಸಾದವರನ್ನೇ ಹುಡುಕಿ ಕಾಡುವ ರೋಗ, ವಯಸ್ಸಾದವರೇ ತುಂಬಿರುವ ಆಟ! ಮುಂದಿನ ಚಳಿಗಾಲವೂ ತೆರೆದು ಮುಚ್ಚುವುದರಲ್ಲೇ ಕಳೆಯಿತು. ಜನವರಿಯ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್ 1999ರಿಂದ ನಾರ್ಫೋಕ್‌ನ ಹಾಪ್ಟನ್‌ನಲ್ಲಿ ನಡೆಯುತ್ತ ಬಂದಿದೆ. ಟಿ.ವಿ.ಯಲ್ಲಿ ಜನ ನೋಡುವುದು ಅದನ್ನೇ. ಅದರ ಹಿಂದೆ ಊರೂರಿನ ಗೌರವ ಕಾರ್ಯದರ್ಶಿಗಳಿದ್ದಾರೆ, ಸಂಬಳವಿಲ್ಲದೆ ಜ್ಯಾಕಿನ ಪಕ್ಕ ನಿಂತು ಅಂಕ ಹೇಳುವ ಮಾರ್ಕರ್‌ಗಳಿದ್ದಾರೆ. ಅವರನ್ನು ಯಾವ ಕ್ಯಾಮೆರಾವೂ ಹುಡುಕಿಕೊಂಡು ಹೋಗುವುದಿಲ್ಲ.

ದೊಡ್ಡವರು ಗುಂಪಾಗಿ ಒಳಾಂಗಣದಲ್ಲಿ ಆಡಲು ಅನುಮತಿ ಸಿಕ್ಕಿದ್ದು 2021ರ ಮೇ 17ಕ್ಕೆ. ಅಷ್ಟರಲ್ಲಿ ಹೊರಗೆ ಹುಲ್ಲು ಚಿಗುರಿ, ಕಾರ್ಪೆಟ್ ಕಾಲ ಮುಗಿದಿತ್ತು. ಅಕ್ಟೋಬರ್‌ಗೆ ಮತ್ತೆ ಎಷ್ಟು ಜನ ಬಂದಾರು ಎಂದು ಗೊತ್ತಿಲ್ಲದೆಯೇ ಮುಂದಿನ ಋತುವಿನ ದಿನಾಂಕಗಳನ್ನು ಗೊತ್ತುಮಾಡಬೇಕಾಗಿತ್ತು.