ವಿಭೂತಿ ಮತ್ತು ಧೂಳು



ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ, ದೇವಲ ಗಾಣಗಾಪುರಕ್ಕೆ ತಿರುಗುವೆಡೆ, ಚೌಡಾಪುರವಿದೆ. ತೊಗರಿ ರಾಶಿಯ ದಿನಗಳಲ್ಲಿ ಅಲ್ಲಿಯ ಎರೆಮಣ್ಣಿನ ಧೂಳು ಉಟ್ಟ ಬಟ್ಟೆಗೂ ಉಣ್ಣುವ ರೊಟ್ಟಿಗೂ ಹತ್ತುವುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಆ ಊರಿನ ರೈತನ ಮಗನೊಬ್ಬನು ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ, ಅರೆವಾಹಕ ಚಿಪ್ಪುಗಳನ್ನು ಸಿದ್ಧಪಡಿಸುವ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುವ ಕೆಲಸಕ್ಕೆ ಸೇರಿದನು.

ವರ್ಷದ ಮೇಲೆ ಮಠಕ್ಕೆ ಬಂದವನು ತಲೆ ತಗ್ಗಿಸಿ ಕೇಳಿದನು: “ಅಪ್ಪಾಜಿ, ಒಳಗ ಹೋಗೋವಾಗ ಹಣಿ ಮ್ಯಾಲಿನ ವಿಭೂತಿ ತೊಳಕೊಂಡೇ ಹೋಗಬೇಕ್ರಿ. ತಪ್ಪಾಗ್ತದೇನ್ರಿ?”

ಕಾರಣವನ್ನು ವಿಚಾರಿಸದೆಯೇ ನಾವು, “ಹಣೆಯನ್ನು ಬರಿದು ಮಾಡಿಸುವ ಅನ್ನ ಯಾತರ ಅನ್ನ?” ಎಂದುಬಿಟ್ಟೆವು. ಅವನು ಮರುಮಾತಾಡದೆ ಪಾದ ಮುಟ್ಟಿ ಹೊರಟುಹೋದನು. ಎರಡು ಜಾತ್ರೆಗಳು ಕಳೆದರೂ ಬರಲಿಲ್ಲ.

ಮುಂದೆ ಭಕ್ತರೊಬ್ಬರ ಗೃಹಪ್ರವೇಶಕ್ಕೆಂದು ಆ ನಗರಕ್ಕೆ ಹೋದಾಗ ನಾವೇ ಅವನ ಕೋಣೆಯನ್ನು ಹುಡುಕಿಕೊಂಡು ಹೋದೆವು. ಅಂದು ಅವನ ಕೆಲಸವೇನೆಂಬುದನ್ನು ಮೊದಲ ಬಾರಿಗೆ ಕೇಳಿ ತಿಳಿದೆವು.

300 ಮಿಲಿಮೀಟರ್ ಅಗಲದ, ಒಂದು ಮಿಲಿಮೀಟರಿಗಿಂತ ತೆಳುವಾದ ಸಿಲಿಕಾನ್ ಬಿಲ್ಲೆ. ಅದರ ಮೇಲೆ ನೂರಾರು ಚಿಪ್ಪುಗಳು. ಅವುಗಳ ನಡುವಿನ ಕೂದಲೆಳೆಯಷ್ಟು ಕಿರಿದಾದ ದಾರಿಯಲ್ಲಿ, ನಿಮಿಷಕ್ಕೆ 30,000 ಸುತ್ತು ತಿರುಗುವ ವಜ್ರದ ಹುಡಿಯ ಅಲಗು ಸಾಗಬೇಕು. ಕೊಯ್ಯುವುದು ಯಂತ್ರವೇ. ಆದರೆ ಅಲಗಿನ ಸವೆತ, ನೀರಿನ ಹರಿವು, ಅಂಚಿನ ಬಿರುಕುಗಳನ್ನು ಕಂಡು, ತಪ್ಪಿದ್ದರೆ ಯಂತ್ರವನ್ನು ನಿಲ್ಲಿಸಿ, ಇದ್ದುದನ್ನು ಇದ್ದಂತೆಯೇ ಬರೆದಿಡಬೇಕಾದವನು ಮನುಷ್ಯ. ಅಂತಹ ಚಿಪ್ಪು ನಾಳೆ ಆಸ್ಪತ್ರೆಯ ಯಂತ್ರದಲ್ಲಿಯೂ ಇರಬಹುದು.

ಇಂತಹ ಕಾರ್ಖಾನೆಗಳ ಶುದ್ಧ ಕೊಠಡಿಗಳಲ್ಲಿ ಗಾಳಿಯ ಕಣಗಳಿಗೂ ಲೆಕ್ಕವುಂಟು. ನೂರರ ದರ್ಜೆಯೆಂಬ ಕೊಠಡಿಯಲ್ಲಿ, ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನಿಗಿಂತ ದೊಡ್ಡ ಕಣಗಳು ನೂರನ್ನು ಮೀರಕೂಡದು. ಕೂದಲಿನ ದಪ್ಪವೇ ಸುಮಾರು 70 ಮೈಕ್ರಾನು. ಆದುದರಿಂದ ಪೌಡರು, ಕುಂಕುಮ ಯಾವುದೂ ಸಲ್ಲದು. ವಿಭೂತಿಯ ಯಾವ ನುಣುಪನ್ನು ನಾವು ಕೊಂಡಾಡುವೆವೋ ಅದೇ ಅಲ್ಲಿ ದೋಷವಾಗುತ್ತದೆ.

“ಪೂಜೆ?” ಎಂದೆವು. ರಾತ್ರಿ ಪಾಳಿ ಮುಗಿಸಿ ಬಂದು, ಮಿಂದು, ಲಿಂಗಪೂಜೆಯಾಗದೆ ಒಂದು ದಿನವೂ ನೀರು ಮುಟ್ಟಿಲ್ಲವೆಂದನು. ಮೂಲೆಯ ಮಣೆಯ ಮೇಲೆ ನಮ್ಮ ಮಠದ್ದೇ ವಿಭೂತಿಗಟ್ಟಿಯಿತ್ತು.

ನುಲಿಯ ಚಂದಯ್ಯನವರ ಕಥೆಯನ್ನು ನೀವೆಲ್ಲ ಬಲ್ಲಿರಿ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಜಾರಿತು. ಆ ಶರಣರು ಕಾಯಕ ಬಿಡಲಿಲ್ಲ. ಧಾರವಾಡದಲ್ಲಿ ತತ್ತ್ವಶಾಸ್ತ್ರವನ್ನೋದಿದ ನಾವು ಈ ಕಥೆಯನ್ನು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೇವೆಯೋ! ಆದರೆ ಅದೇ ಪ್ರಶ್ನೆ ನಮ್ಮ ಮುಂದೆ ಬಂದು ಕೈಮುಗಿದು ನಿಂತಾಗ ಗುರುತಿಸದೆ ಹೋದೆವು.

ಈ ಕಾಯಕ ಕನ್ನಡನಾಡಿಗೆ ಹೊಸದೇನಲ್ಲ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1960ರ ದಶಕದಲ್ಲಿಯೇ ಅರೆವಾಹಕಗಳನ್ನು ತಯಾರಿಸಿತು. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಈ ಉದ್ಯಮಕ್ಕಾಗಿ 76,000 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ನಿಮ್ಮ ಮಕ್ಕಳೂ ನಾಳೆ ಇಂತಹ ಕೊಠಡಿಗಳನ್ನು ಹೊಗಬಹುದು. ಇಂತಹುದೇ ಪ್ರಶ್ನೆಯನ್ನು ಹೊತ್ತು ಮನೆಗೆ ಬರಬಹುದು. ತೀರ್ಪು ನೀಡುವ ಮೊದಲು, ಅವರು ಮಾಡುವ ಕೆಲಸವೇನೆಂದು ಕೇಳಿರಿ. ನಾವು ಕೇಳಲಿಲ್ಲ; ಅದಕ್ಕಾಗಿ ಎರಡು ವರ್ಷ ಒಬ್ಬ ಮಗನನ್ನು ಕಳೆದುಕೊಂಡಿದ್ದೆವು.

ಅಂದು ಅವನ ಹಣೆಗೆ ನಾವೇ ವಿಭೂತಿ ಧರಿಸಿದೆವು. ಸಂಜೆ ಅವನು ಅದನ್ನು ತೊಳೆದುಕೊಂಡೇ ಕೆಲಸಕ್ಕೆ ಹೋಗುವನೆಂಬುದನ್ನು ಅರಿತೇ ಧರಿಸಿದೆವು.