ನಂಗೂ ಒಂದು ಪಾಲು

ಹೆಸರುಗಳನ್ನು ನಂಬಿ ಹೊರಟರೆ ಹಳೇಬೀಡಿನ ಸುತ್ತಿನ ನಾವೆಲ್ಲರೂ ಕಡಲ ತೀರದವರೇ ಆಗಬೇಕು. ಹೊಯ್ಸಳರ ರಾಜಧಾನಿಯ ಹೆಸರು ದೋರಸಮುದ್ರ. ಆ ಸಮುದ್ರವಾದರೋ ಒಂದು ಕೆರೆ. ದೊಡ್ಡದು ಎಂಬುದು ನಿಜ. ಕೆರೆ ಎಂಬುದೂ ಅಷ್ಟೇ ನಿಜ. ನಾನು ಹುಟ್ಟಿದ ಹುಲಿಕೆರೆ ಅಲ್ಲಿಗೆ ಹತ್ತಿರ. ನಮ್ಮೂರಿನಲ್ಲೂ ಹೊಯ್ಸಳರ ಕಾಲದ ಕಲ್ಲುಕೊಳವೊಂದಿದೆ. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ, ಸುತ್ತಲೂ ಪುಟ್ಟ ಪುಟ್ಟ ಗುಡಿಗಳಿವೆ. ನೀರೆಂದರೆ ನಮ್ಮ ಜನ ಕಂಡದ್ದು ಇಷ್ಟೇ: ನಾಲ್ಕು ಕಡೆಯೂ ದಡ ಕಾಣುವ ನೀರು. ಸಮುದ್ರ ನಮಗೆ ಹೆಸರಿನಿಂದ ಮಾತ್ರ ಪರಿಚಯ.

ನನ್ನಾಕೆಯ ತವರಿನಲ್ಲಿ ಇದಕ್ಕೆ ತಿರುಗುಮುರುಗು. ಅವರ ಊರು ಮಲ್ಪೆಯ ಪಕ್ಕದ ಪಡುಕೆರೆ. ಕೆರೆ ಎಂದ ಮೇಲೆ ಏರಿ, ತೂಬು, ಕೋಡಿ ಎಲ್ಲ ಇರಬೇಕೆಂದುಕೊಂಡು ಹೋದವನಿಗೆ ಕಂಡದ್ದು ಒಂದು ಕಡೆ ಉದ್ಯಾವರ ಹೊಳೆ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ತೆಂಗಿನ ಮರಗಳನ್ನು ಹೊತ್ತ ಒಂದು ಮರಳಿನ ಪಟ್ಟಿ. ಕೆರೆಗೆ ಸಮುದ್ರವೆನ್ನುವ ಊರಿನ ಗಂಡಿಗೂ ಸಮುದ್ರದ ಅಂಚಿಗೆ ಕೆರೆಯೆನ್ನುವ ಊರಿನ ಹೆಣ್ಣಿಗೂ ಹದಿನೇಳು ವರ್ಷಗಳ ಹಿಂದೆ ಮದುವೆಯಾಯಿತು. ಜಾತಕದಲ್ಲಿ ಇದನ್ನು ಯಾರೂ ನೋಡಿರಲಿಲ್ಲ. ಜಾತಕವನ್ನೇ ಯಾರೂ ತೆಗೆದಿರಲಿಲ್ಲ. ನಮ್ಮದು ಆ ಬಗೆಯ ಮದುವೆ.

ನಮ್ಮ ತಂದೆ ಒಪ್ಪಿದರು. ಅಮ್ಮ ಬೇಡವೆನ್ನಲಿಲ್ಲ; ಆದರೆ ಘಟ್ಟ ಇಳಿಯಲೂ ಇಲ್ಲ. ಧಾರೆಯ ದಿನ, "ನಂಗೆ ಬಸ್ಸು ಆಗಿಬರಾಕಿಲ್ಲ" ಎಂದು ಮನೆಯಲ್ಲೇ ಉಳಿದಳು. ಸೊಸೆ ಮನೆಗೆ ಬಂದ ಮೇಲೆ ಅವಳನ್ನು ಮಗಳಂತೆಯೇ ನೋಡಿಕೊಂಡಳು. ಸೊಸೆಯ ಊರಿನ ಮಾತು ಬಂದಾಗ ಮಾತ್ರ ಅವಳಿಗೆ ಹಟ್ಟಿಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ನಮ್ಮ ಅತ್ತೆ ವರ್ಷ ವರ್ಷವೂ ಒಣಮೀನಿನ ಪೊಟ್ಟಣ ಕಳಿಸುತ್ತಿದ್ದರು. ಅಮ್ಮ ಅದನ್ನು ಮರ್ಯಾದೆಯಿಂದ ಎರಡು ಕೈಯಲ್ಲಿ ತೆಗೆದುಕೊಂಡು, ಬಿಚ್ಚದೆ, ಪಕ್ಕದ ಮನೆಗೆ ದಾಟಿಸುತ್ತಿದ್ದಳು. ಕೇಳಿದರೆ, "ಉಪ್ಪುನೀರಿನ ಮೀನು ನಮಗೆ ಒಗ್ಗಾಕಿಲ್ಲ." ಕೊರವ, ಗೆಂಡೆಗಳನ್ನು ತಿಂದು ಬೆಳೆದ ನಾಲಗೆ ಎಂದು ನಾವು ಸುಮ್ಮನಿರುತ್ತಿದ್ದೆವು. ಒಗ್ಗದ್ದು ನೀರಿನ ಉಪ್ಪಲ್ಲ ಎಂಬುದು ನನಗೂ ಗೊತ್ತಿತ್ತು, ನನ್ನಾಕೆಗೂ ಗೊತ್ತಿತ್ತು, ಪೊಟ್ಟಣ ಕಳಿಸುತ್ತಿದ್ದ ಅತ್ತೆಗೂ ಗೊತ್ತಿತ್ತು. ಆದರೂ ಪೊಟ್ಟಣ ಬರುವುದು ನಿಲ್ಲಲಿಲ್ಲ.

ಎರಡು ವರ್ಷದ ಕೆಳಗೆ ನಮ್ಮ ತಂದೆ ತೀರಿಕೊಂಡರು. ಮರುದಿನ ಬೆಳಗಾಗುವ ಹೊತ್ತಿಗೆ ಅತ್ತೆ ಮಂಡಿನೋವಿನ ಕಾಲನ್ನು ಎಳೆದುಕೊಂಡು, ಚಾರ್ಮಾಡಿ ಘಟ್ಟ ಹತ್ತಿ ಹುಲಿಕೆರೆಗೆ ಬಂದರು. ಮನೆಮಾತು ತುಳುವಾದ ಅವರ ಕನ್ನಡ ಅಮ್ಮನಿಗೆ ಅರ್ಧ ತಿಳಿಯದು. ಅಮ್ಮನ ಕನ್ನಡ ಅವರಿಗೆ ಅರ್ಧ ತಿಳಿಯದು. ಹನ್ನೊಂದನೆಯ ದಿನ ಕಳೆಯುವವರೆಗೂ ಇಬ್ಬರೂ ನಡುಮನೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದರು. ಅತ್ತೆಯ ಯಜಮಾನರು, ನನ್ನಾಕೆ ಇನ್ನೂ ಚಿಕ್ಕವಳಾಗಿದ್ದಾಗ ಕಡಲಿಗೆ ಹೋದವರು ತಿರುಗಿ ಬಂದಿರಲಿಲ್ಲ. ಆ ರಾತ್ರಿಗಳಲ್ಲಿ ಅವರಿಬ್ಬರೂ ಏನು ಮಾತಾಡಿಕೊಂಡರೋ ನಮಗೆ ತಿಳಿಯದು. ವರ್ಷಾಬ್ದಿಕ ಮುಗಿದ ಮೇಲೆ ಒಂದು ದಿನ ಅಮ್ಮ ತಾನಾಗಿಯೇ ಹೇಳಿದಳು: "ಆಯಮ್ಮ ಅಷ್ಟು ದೂರದಿಂದ ಬಂದಿತ್ತು ಕಣೋ. ಮುಯ್ಯಿ ಹಂಗೇ ಉಳಕೊಂಡದೆ. ನಾನೂ ಒಂದ್ಸಲ ಹೋಗ್ಬರಬೇಕು."

ಯಾವಾಗ ಹೋಗುವುದೆಂಬ ಪ್ರಶ್ನೆಗೆ ಪಂಚಾಂಗ ಮತ್ತು ಕಡಲು ಎರಡೂ ಸೇರಿ ಉತ್ತರ ಕೊಟ್ಟವು. ಈಗ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕಡಲಿಗಿಳಿಯಲು ನಿಷೇಧ. ಮಳೆಗಾಲ ಮೀನುಗಳು ಮೊಟ್ಟೆಯಿಡುವ ಕಾಲ. ನೂಲು ಹುಣ್ಣಿಮೆಯ ದಿನ ಮೊಗವೀರರು ವಡಭಾಂಡೇಶ್ವರದ ಬಳಿ ಸಮುದ್ರಕ್ಕೆ ಹಾಲು, ಹೂವು, ಹಣ್ಣು ಅರ್ಪಿಸಿ ಹೊಸ ಹಂಗಾಮಿಗೆ ಅಪ್ಪಣೆ ಕೇಳುತ್ತಾರೆ. ನಮ್ಮ ಕಡೆ ಆಗ ಶ್ರಾವಣ. ಅಮ್ಮ ಮೀನಿನ ಹೆಸರನ್ನೂ ಎತ್ತುವವಳಲ್ಲ. ಶ್ರಾವಣ ಕಳೆದು ಗೌರಿ ಗಣೇಶರನ್ನು ಕಳಿಸಿಕೊಡುವ ಹೊತ್ತಿಗೆ ಮಳೆ ಇಳಿದಿರುತ್ತದೆ, ಕಡಲು ಶಾಂತವಾಗುತ್ತದೆ, ಆಳದಲ್ಲಿದ್ದ ನಂಗು ಮೀನು ದಡದ ಕೆಸರಿನ ಕಡೆಗೆ ಬರತೊಡಗುತ್ತದೆ. "ಹಂಗಾಮಿನ ಮೊದಲ ನಂಗಿಗೆ ಅಕ್ಕನನ್ನು ಕರೆದುಕೊಂಡು ಬನ್ನಿ" ಎಂದು ಅತ್ತೆ ಹೇಳಿಕಳಿಸಿದರು. ಅಮ್ಮ ಹತ್ತು ಸೇರು ರಾಗಿಹಿಟ್ಟನ್ನು ಗಂಟು ಕಟ್ಟಿಕೊಂಡಳು. ಅನ್ನದ ಊರಿಗೆ ಬರಿಗೈಯಲ್ಲಿ ಹೋಗಬಾರದೆಂಬುದು ಬಾಯಿಗೆ ಬಂದ ಕಾರಣ. ಅಲ್ಲಿ ತನಗೆ ಉಣ್ಣಲು ಏನಾದರೂ ಇರಬೇಕಲ್ಲ ಎಂಬುದು ನಿಜವಾದ ಕಾರಣವೆಂದು ನನ್ನ ಊಹೆ.

ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ, ಘಟ್ಟ ಇಳಿದು, ಕಾರ್ಕಳದ ಮೇಲೆ ಹಾದು ಪಡುಕೆರೆಗೆ ಬಂದಾಗ ಸಂಜೆ. ಅಂಗಳದಲ್ಲಿ ನಿಂತಿದ್ದ ಹೆಂಗಸರೆಲ್ಲ "ಬಲೆ, ಬಲೆ" ಎಂದು ಎದುರು ಬಂದರು. ತುಳುವಿನಲ್ಲಿ ಹಾಗೆಂದರೆ 'ಬನ್ನಿ, ಬನ್ನಿ'. ಅಮ್ಮ ನನ್ನ ಕಿವಿಯಲ್ಲಿ, "ಬಂದ ತಕ್ಷಣ ಬಲೆ ಬಲೆ ಅಂತವ್ರಲ್ಲೋ, ಕೈಕಾಲಾದ್ರೂ ತೊಳಕೊಳಾನ" ಎಂದಳು. ಕೈಕಾಲು ತೊಳೆದಾದ ಮೇಲೆ ಅತ್ತೆ ಅವಳ ಕೈಹಿಡಿದು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಎಪ್ಪತ್ತನಾಲ್ಕು ವರ್ಷದ ಅಮ್ಮ ಮೊದಲ ಸಲ ಸಮುದ್ರವನ್ನು ನೋಡಿದಳು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: "ಇದರ ಕೋಡಿ ಎಲ್ಲದೆ?"

"ಕೋಡಿ ಇಲ್ಲ ಅಕ್ಕ. ಇದು ತುಂಬುವುದೇ ಇಲ್ಲ" ಎಂದರು ಅತ್ತೆ. ಗಂಡನನ್ನು ಅದಕ್ಕೆ ಕೊಟ್ಟವರ ಬಾಯಲ್ಲಿ ಆ ಮಾತು ಕೇಳಿ ನಾನು ಬೇರೆ ಕಡೆ ನೋಡಿದೆ.

ಮರುದಿನ ಬೆಳಿಗ್ಗೆ ಕೈರಂಪಣಿ. ಇದರ ಹಿರಿಯಣ್ಣ ರಂಪಣಿ. ನೂರಾರು ಜನ ಸೇರಿ ಎಳೆಯುತ್ತಿದ್ದ ಭಾರಿ ಬಲೆ. ಅದು ಒಬ್ಬ ಧಣಿಯ ಬಲೆಯಲ್ಲ. ಮನೆಗೊಂದು ತುಂಡಿನಂತೆ ತಂದು ಹೆಣೆದ ಊರಿನ ಬಲೆ ಎಂದು ಅತ್ತೆ ಹೇಳುತ್ತಾರೆ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಬಂದು, ದಡಕ್ಕೆ ಬರಬೇಕಾದ ಮೀನಿನ ಹಿಂಡನ್ನು ಕಡಲಿನಲ್ಲೇ ಸುತ್ತುವರಿಯತೊಡಗಿದ ಮೇಲೆ ರಂಪಣಿ ಮೂಲೆ ಸೇರಿತು. ಉಳಿದದ್ದು ಈ ಕೈರಂಪಣಿ. ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿ ಬಲೆಯನ್ನು ಇಳಿಸುತ್ತ ಅರ್ಧಚಂದ್ರದಂತೆ ಸುತ್ತಿ ಬಂದು, ಇನ್ನೊಂದು ತುದಿಯನ್ನು ಸ್ವಲ್ಪ ದೂರದಲ್ಲಿ ದಡಕ್ಕೆ ಮುಟ್ಟಿಸುತ್ತದೆ. ಎರಡು ಸಾಲು ಜನ ಎರಡು ಹಗ್ಗಗಳನ್ನು ಹಿಡಿದು, ಎಳೆಯುತ್ತ ಎಳೆಯುತ್ತ ಒಬ್ಬರ ಕಡೆಗೊಬ್ಬರು ಸರಿಯುತ್ತಾರೆ. ನನ್ನ ಭಾವಮೈದನ ತಂಡದಲ್ಲಿ ಈಗ ಹೆಚ್ಚಿನವರು ತಲೆ ನರೆತವರು. ಹುಡುಗರು ದೊಡ್ಡ ದೋಣಿಗೋ ಮುಂಬಯಿಗೋ ದುಬಾಯಿಗೋ ಹೋಗಿದ್ದಾರೆ. ಆದ್ದರಿಂದ ಹಗ್ಗಕ್ಕೆ ಬಂದ ಕೈಯನ್ನು ಯಾರೂ ಬೇಡವೆನ್ನುವುದಿಲ್ಲ. ಕನ್ನಡ ಅಧ್ಯಾಪಕನ ಕೈಯನ್ನೂ.

ನಾನು ನಿಂತೆ, ಹದಿನಾಲ್ಕರ ಮಗಳು ನಿಂತಳು, ಹತ್ತರ ಮಗ ಹಗ್ಗಕ್ಕೆ ಜೋತುಬಿದ್ದ. ಅತ್ತೆ ಮಂಡಿನೋವನ್ನು ಮರೆತು ಸೆರಗು ಸಿಕ್ಕಿಸಿ ನಿಂತರು. ಅಮ್ಮ ಮರಳಿನ ಮೇಲೆ ಕುಳಿತು ನೋಡುತ್ತಿದ್ದಳು. ಬಲೆ ಅರ್ಧ ಬಂದಿತ್ತು, ಅಲೆ ಹಿಂದಕ್ಕೆಳೆಯುತ್ತಿತ್ತು, ಸಾಲು ಒಂದು ಹೆಜ್ಜೆ ಮುಗ್ಗರಿಸಿತು. ಕಣದಲ್ಲಿ, ಬಾವಿಯಲ್ಲಿ, ಗಾಡಿಯಲ್ಲಿ ಜನ್ಮವೆಲ್ಲ ಹಗ್ಗ ಹಿಡಿದವಳು ಅದನ್ನು ನೋಡಿಕೊಂಡು ಎಷ್ಟು ಹೊತ್ತು ಕುಳಿತಾಳು? ಎದ್ದು ಬಂದು ಅತ್ತೆಯ ಹಿಂದೆ ನಿಂತು ಹಗ್ಗ ಹಿಡಿದಳು. "ಹಿಂಗಲ್ಲ ಕಣವ್ವ, ಸೊಂಟಕ್ಕೆ ಕೊಡು" ಎಂದು ಅತ್ತೆಗೇ ಪಾಠ ಹೇಳಿದಳು.

ಬಲೆ ದಡ ಸೇರಿತು. ಬೂತಾಯಿ ಒಂದಷ್ಟು, ಬಂಗುಡೆ ನಾಲ್ಕಾರು, ಸಿಗಡಿ, ಏಡಿ. ಅವುಗಳ ಅಡಿಯಲ್ಲಿ ಮರಳಿನ ಬಣ್ಣದ, ಎಲೆಯಷ್ಟು ತೆಳ್ಳಗಿನ ನಂಗು. ಅಮ್ಮ ಬಾಗಿ ನೋಡಿ, "ಇದನ್ನ ಯಾರೋ ತುಳಿದವ್ರೆ" ಎಂದಳು. ಭಾವಮೈದ ಮೀನು ಬೇರೆ ಮಾಡುತ್ತ, ಸಿಕ್ಕಿದ್ದನ್ನೆಲ್ಲ "ನಂಗ್... ನಂಗ್..." ಎಂದು ಒಂದು ಕಡೆ ಹಾಕುತ್ತಿದ್ದ. ಹಾಸನದ ಕಿವಿಗೆ ಅದು 'ನನಗೂ, ನನಗೂ' ಎಂದೇ ಕೇಳಿಸಬೇಕಷ್ಟೆ. ಅಮ್ಮನಿಗೆ ಮರುಕ ಬಂತು. "ಪಾಪ, ಆಗ್ಲಿಂದ ನಂಗೂ ನಂಗೂ ಅಂತವ್ನೆ. ಅವನಿಗೂ ಕೊಡ್ರಪ್ಪ!" ನನ್ನಾಕೆ ತುಳುವಿಗೆ ತಿರುಗಿಸಿ ಹೇಳಿದಾಗ ಇಡೀ ದಡ ನಕ್ಕಿತು. ಅಮ್ಮನೂ ನಕ್ಕಳು. ಸೊಸೆಯ ಊರಿನಲ್ಲಿ ಅದು ಅವಳ ಮೊದಲ ನಗು.

ಆಮೇಲೆ ಪಾಲು. ಮರಳಿನ ಮೇಲೆ ಸಾಲಾಗಿ ಗುಡ್ಡೆಗಳು: ಬಲೆಯ ಪಾಲು, ದೋಣಿಯ ಪಾಲು, ಕೈಗಳ ಪಾಲು. ಒಂದು ಗುಡ್ಡೆಯನ್ನು ತಂದು ಅಮ್ಮನ ಮುಂದೆ ಇಟ್ಟರು: ಐದು ನಂಗು, ಒಂದು ಹಿಡಿ ಬೂತಾಯಿ. ಅಮ್ಮನ ಕೈ ಹಿಂದಕ್ಕೆ ಹೋಯಿತು. "ನಮಗ್ಯಾಕೆ ಬಿಡ್ರಿ" ಎಂದಳು. ಹದಿನೇಳು ವರ್ಷದ ಪೊಟ್ಟಣಗಳೆಲ್ಲ ಆ ಮಾತಿನಲ್ಲಿದ್ದವು. ನನ್ನಾಕೆ ನೆಲ ನೋಡಿದಳು.

ಅತ್ತೆ ಮೆಲ್ಲಗೆ ಹೇಳಿದರು: "ಅಕ್ಕ, ಇದು ನಾನು ಕೊಡುವುದಲ್ಲ. ನೀವು ಹಗ್ಗ ಹಿಡಿದಿದ್ದೀರಿ, ಇದು ನಿಮ್ಮ ಪಾಲು. ಇವರ ಅಪ್ಪ ಹೋದ ವರ್ಷ ನಾನು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಇಲ್ಲೇ ಹಗ್ಗಕ್ಕೆ ನಿಂತೆ. ಎಳೆದದ್ದೆಷ್ಟೋ ದೇವರಿಗೇ ಗೊತ್ತು. ದಾನ ಅಂತ ಕೊಟ್ಟಿದ್ದರೆ ಮುಟ್ಟುತ್ತಿರಲಿಲ್ಲ. ಪಾಲು ಅಂತ ಕೊಟ್ಟರು, ಮಕ್ಕಳು ಉಂಡರು."

ಅಮ್ಮ ಏನೂ ಹೇಳಲಿಲ್ಲ. ಸೆರಗನ್ನು ಬಿಚ್ಚಿ ಒಡ್ಡಿದಳು.

ಮನೆಯಲ್ಲಿ ನಂಗಿನ ಚರ್ಮ ಸುಲಿಯುವುದೇ ಒಂದು ನೋಟ. ಬೆರಳಿಗೆ ಬೂದಿ ಹಚ್ಚಿಕೊಂಡು, ತಲೆಯ ಬಳಿ ಚರ್ಮವನ್ನು ಎತ್ತಿ, ಅಂಗಿ ಕಳಚಿದ ಹಾಗೆ ಬಾಲದವರೆಗೆ ಒಂದೇ ಸೆಳೆತ. ಮಗ ಎರಡು ಕಣ್ಣೂ ಒಂದೇ ಕಡೆ ಇರುವುದನ್ನು ಕಂಡು, "ಹಳೇಬೀಡಿನ ಗೋಡೆಯ ಮಕರಕ್ಕೆ ಇದು ತಮ್ಮ" ಎಂದ. ಹೊಯ್ಸಳ ಶಿಲ್ಪಿ ಹಲವು ಪ್ರಾಣಿಗಳ ಅಂಗಗಳನ್ನು ಒಟ್ಟುಗೂಡಿಸಿ ಮಕರವನ್ನು ಮಾಡಿದ. ಪ್ರಕೃತಿ ಒಂದೇ ಒಂದು ಕಣ್ಣನ್ನು ಸರಿಸಿ ನಂಗನ್ನು ಮಾಡಿತು. ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮಿತ್ರರು ಹಿಂದೆ ವಿವರಿಸಿದ್ದನ್ನು ಮಕ್ಕಳಿಗೆ ಹೇಳಿದೆ. ನಂಗು ಹುಟ್ಟುವಾಗ ಹೀಗಿರುವುದಿಲ್ಲ. ಮರಿಯಾಗಿದ್ದಾಗ ಎಲ್ಲ ಮೀನಿನಂತೆ ನೆಟ್ಟಗೆ ಈಜುತ್ತದೆ. ಆಚೆಗೊಂದು ಈಚೆಗೊಂದು ಕಣ್ಣು. ಬೆಳೆಯುತ್ತ ಬಲಗಣ್ಣು ತಲೆಯನ್ನು ದಾಟಿ ಎಡಕ್ಕೆ ಬಂದು ಸೇರುತ್ತದೆ. ಬಳಿಕ ಬಲಮಗ್ಗುಲನ್ನು ನೆಲಕ್ಕೆ ಕೊಟ್ಟು ಮಲಗಿ, ಎರಡು ಕಣ್ಣಿನಿಂದಲೂ ಮೇಲೆ ನೋಡುತ್ತದೆ. ಅರ್ಧ ಸರಿದ ಕಣ್ಣಿನಿಂದ ಯಾವ ಪ್ರಯೋಜನ ಎಂದು ಮಿವಾರ್ಟ್ ಎಂಬ ಪಂಡಿತ ಡಾರ್ವಿನ್ನನನ್ನು ಕೆಣಕಿದ್ದ. ಡಾರ್ವಿನ್ 1872ರಲ್ಲಿ ತನ್ನ ಗ್ರಂಥದ ಆರನೆಯ ಆವೃತ್ತಿಯಲ್ಲಿ ಅದಕ್ಕೆ ಉತ್ತರ ಬರೆಯಬೇಕಾಯಿತು. ಕಡೆಗೆ 2008ರಲ್ಲಿ ಮ್ಯಾಟ್ ಫ್ರೀಡ್‌ಮನ್ ಎಂಬ ವಿಜ್ಞಾನಿ, ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲಿ ಕಣ್ಣು ಅರ್ಧ ದಾರಿಗೆ ಮಾತ್ರ ಬಂದಿದ್ದ ಮೀನುಗಳನ್ನು ತೋರಿಸಿಕೊಟ್ಟರು. ಅರ್ಧ ಸರಿದ ಕಣ್ಣಿನಿಂದಲೂ ಅವು ಬದುಕಿದ್ದವು.

ಮಧ್ಯಾಹ್ನ ಅತ್ತೆಯ ನಂಗಿನ ಗಸಿ, ಅಮ್ಮನ ಮುದ್ದೆ. ಕುಚಲಕ್ಕಿಯ ಮನೆಯವರು ಮುದ್ದೆಯನ್ನು ಅಗಿಯಲು ಹೋಗಿ ಸಿಕ್ಕಿಕೊಂಡರು. "ನುಂಗಬೇಕು" ಎಂದು ಅಮ್ಮ ಕಲಿಸಿದಳು. ತಾನು ಮುದ್ದೆಯ ತುಣುಕನ್ನು ಗಸಿಯಲ್ಲಿ ಅದ್ದಿ ನುಂಗಿ, ಒಂದು ಮೀನನ್ನು ಬಿಡಿಸಿ ತಿಂದು, ಸ್ವಲ್ಪ ತಡೆದು ತೀರ್ಪು ಕೊಟ್ಟಳು: "ಮುಳ್ಳಿನ ಕಾಟ ಇಲ್ಲ." ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಕೊಡುವುದಕ್ಕೂ ಪಾಲು ಹಾಕುವುದಕ್ಕೂ ಇರುವ ಅಂತರ ನನಗೆ ಅಂದು ತಿಳಿದಷ್ಟು ಯಾವ ಗ್ರಂಥದಿಂದಲೂ ತಿಳಿದಿರಲಿಲ್ಲ. ಕೊಟ್ಟದ್ದನ್ನು ಬೇಡವೆನ್ನಬಹುದು, ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ಪಾಲಿನಲ್ಲಿ ಮೇಲು ಕೆಳಗಿಲ್ಲ. ಒಂದೇ ಹಗ್ಗದ ಮೇಲೆ ಎಲ್ಲ ಕೈಗಳೂ ಒಂದೇ ಎತ್ತರದಲ್ಲಿರುತ್ತವೆ. ನಾನು ಹುಡುಗನಾಗಿದ್ದಾಗ ನಮ್ಮಲ್ಲೂ ಇದು ಇತ್ತು. ಬೇಸಗೆಯಲ್ಲಿ ಕೆರೆಯ ನೀರು ತಳ ಸೇರಿದಾಗ ಊರಿಗೆ ಊರೇ ಬುಟ್ಟಿ, ಹಳೆಯ ಸೀರೆ, ಪಂಚೆ ಹಿಡಿದು ಕೆಸರಿಗಿಳಿಯುತ್ತಿತ್ತು. ಇಳಿಯಲಾರದ ಮುದುಕಿಯ ಮನೆಗೂ ಸಂಜೆ ಒಂದು ಗೆಂಡೆ ಹೋಗುತ್ತಿತ್ತು. ಈಗ ಕೆರೆಯ ಮೀನು ಹರಾಜಾಗುತ್ತದೆ. ಹರಾಜು ಹಿಡಿದವನು ಮರಿ ಬಿಡುತ್ತಾನೆ, ಬೆಳೆಸುತ್ತಾನೆ, ತೂಗಿ ಮಾರುತ್ತಾನೆ. ಪಂಚಾಯಿತಿಗೆ ಹಣ ಬರುತ್ತದೆ, ತಪ್ಪೇನಿಲ್ಲ. ದುಡ್ಡಿದ್ದವರು ಕೊಂಡು ತಿನ್ನುತ್ತೇವೆ. ಪಾಲು ಮಾತ್ರ ಯಾರಿಗೂ ಇಲ್ಲ. ಪಡುಕೆರೆಯ ದಡದಲ್ಲಿಯೂ ಅದು ಇನ್ನೆಷ್ಟು ಹಂಗಾಮು ನಡೆದೀತೋ! ಹಗ್ಗ ಹಿಡಿಯುವ ಕೈಗಳಿರುವವರೆಗೆ ಎನ್ನಬೇಕು.

ನಾವು ಹಿಂದಿರುಗಿದ ಮೇಲೆ, ಆ ವರ್ಷದ ಪೊಟ್ಟಣ ಎಂದಿನಂತೆ ಬಂತು. ಅಮ್ಮ ಬಿಚ್ಚಿದಳು, ಒಣ ನಂಗನ್ನು ಎಣಿಸಿ, ಅರ್ಧವನ್ನು ಮಡಕೆಯಲ್ಲಿಟ್ಟು, ಅರ್ಧವನ್ನು ರೂಢಿಯಂತೆ ಪಕ್ಕದ ಮನೆಗೆ ಒಯ್ದಳು. "ಬೀಗಿತ್ತಿ ಕೊಟ್ಟರಾ?" ಎಂದು ಅಲ್ಲಿ ಕೇಳಿದರಂತೆ.

"ಕೊಡಾದೇನು ಬಂತು? ನಾನೂ ಎಳೆದಿವ್ನಿ" ಎಂದಳಂತೆ ಅಮ್ಮ.