ಜಂತಿಗೆ ತೂಗಿದ ಬೂಟು

ತವರು ಇಂಡಿ, ಗಂಡನ ಮನೆ ಮುದ್ದೇಬಿಹಾಳ ಎಂದಿಟ್ಟುಕೊಳ್ಳಿ. ನಡುವೆ ಸಿಂದಗಿಯ ಹಾದಿ ಉಂಟು, ಬಸವನ ಬಾಗೇವಾಡಿಯ ಹಾದಿಯೂ ಉಂಟು. ಬೆಳಕು ಹರಿಯುವುದರೊಳಗೆ ಮೈದಾನವನ್ನು ಹತ್ತು ಸುತ್ತು ಓಡಿ ಬರುತ್ತಿದ್ದ ಹುಡುಗಿ, ಬಸುರಿಯಾದ ವರ್ಷ ಈ ಹಾದಿಗಳಲ್ಲಿ ಬಸ್ಸಿನಲ್ಲಿ ಕುಲುಕುತ್ತ ಓಡಾಡುತ್ತಾಳೆ. ಏಳನೆಯ ತಿಂಗಳಲ್ಲಿ ಕುಬಸ, ಹಸಿರು ಬಳೆ, ಆಮೇಲೆ ತವರು. ಹೊರಸಿನ ಮೇಲೆ ಕೂಸು, ಕೆಳಗೆ ಕೆಂಡ, ಕೈಯಲ್ಲಿ ಅಂಟಿನುಂಡಿ. ಬೂಟು ಮಾತ್ರ ಜಂತಿಗೆ ತೂಗುಬಿದ್ದಿರುತ್ತದೆ.

ಇದರಲ್ಲಿ ಅಜ್ಜಿಯ ತಪ್ಪೇನೂ ಇಲ್ಲ. ಹೆರಿಗೆಯಾಗಿ ಮೂರು ತಿಂಗಳು ತುಂಬುವ ಮೊದಲು ಓಟ ಬೇಡವೆಂದು ಬ್ರಿಟನ್ನಿನ ಫಿಸಿಯೋಥೆರಪಿ ತಜ್ಞರೂ 2019ರಲ್ಲಿ ಹೇಳಿದರು. ಅಜ್ಜಿ ಐದು ತಿಂಗಳು ಅನ್ನುತ್ತಾಳೆ, ಅಷ್ಟೆ. ತಕರಾರಿರುವುದು ಆರನೆಯ ತಿಂಗಳಿನದು. ತೊಟ್ಟಿಲ ಸಮೇತ ತಾಯಿ-ಮಗುವನ್ನು ಕಳಿಸುವಾಗ ಬುತ್ತಿ ಕಟ್ಟುವವರು ಹತ್ತು ಮಂದಿ, ‘ಬೂಟು ಇಟ್ಟಗೊಂಡಿಯೇನವ್ವಾ?’ ಎಂದು ಕೇಳುವವರು ಒಬ್ಬರೂ ಇಲ್ಲ.

ಪಿ.ಟಿ. ಉಷಾ ತಾಯಿಯಾದ ಮೇಲೆ, 1998ರಲ್ಲಿ ಜಪಾನಿನ ಫುಕುವೋಕಾದಲ್ಲಿ ನಡೆದ ಏಷ್ಯನ್ ಅಥ್ಲೆಟಿಕ್ಸ್‌ನಲ್ಲಿ 200 ಮತ್ತು 400 ಮೀಟರ್ ಓಟಗಳೆರಡರಲ್ಲೂ ಕಂಚು ಗೆದ್ದರು. ಜಮೈಕಾದ ಶೆಲ್ಲಿ-ಆನ್ ಫ್ರೇಸರ್-ಪ್ರೈಸ್ 2017ರ ಆಗಸ್ಟ್‌ನಲ್ಲಿ ಹೆತ್ತು, 2019ರಲ್ಲಿ ದೋಹಾದಲ್ಲಿ 100 ಮೀಟರಿನ ವಿಶ್ವ ಚಾಂಪಿಯನ್ ಆದರು. ಗೆದ್ದ ಮೇಲೆ ಮಗನನ್ನು ಎತ್ತಿಕೊಂಡು ಸಂಭ್ರಮಿಸಿದರು. ಆಕೆ ಓಡುವಷ್ಟು ಹೊತ್ತು ಆ ಮಗುವನ್ನು ಯಾರೋ ಹಿಡಿದಿದ್ದರು.

ಮುದ್ದೇಬಿಹಾಳದಲ್ಲಿ ಬೇಕಾದದ್ದೂ ಅಷ್ಟೇ. ಮೊದಲು ನಡಿಗೆ, ಡಾಕ್ಟರು ಹೂಂ ಅಂದ ಮೇಲೆ ಓಟ; ಅದಕ್ಕೆ ನಸುಕಿನಲ್ಲಿ ಅರ್ಧ ತಾಸು ಕೂಸನ್ನು ಎತ್ತಿಕೊಳ್ಳುವ ಎರಡು ಕೈ. ಅತ್ತೆಯದಾದರೂ ಸರಿ, ಗಂಡನದಾದರೆ ಇನ್ನೂ ಸರಿ.